ಕ್ಲೇ ಬಾರ್: ಕಾರಿನ ಬಣ್ಣಕ್ಕೆ ಹತ್ತಿದ ಕಣಗಳನ್ನು ತೆಗೆಯುವ ವಿಧಾನ

ಕಾರಿನ ಬಣ್ಣದ ಮೇಲೆ ಗಟ್ಟಿಯಾಗಿ ಹತ್ತಿಕೊಂಡು, ಶಾಂಪೂ ಹಾಕಿ ತೊಳೆದರೂ ಬಿಡದ ಸಣ್ಣ ಕಣಗಳನ್ನು ತೆಗೆಯಲು ಬಳಸುವ ಮೆತ್ತನೆಯ ಉಂಡೆಗೆ ಕ್ಲೇ ಬಾರ್ ಎಂದು ಹೆಸರು. ಇದು ಕುಂಬಾರಿಕೆಯ ಜೇಡಿಮಣ್ಣಲ್ಲ. ಪಾಲಿಬ್ಯೂಟೀನ್ ಜಾತಿಯ ಕೃತಕ ಪಾಲಿಮರ್‌ಗೆ ತೀರಾ ನಯವಾದ ಉಜ್ಜುಪುಡಿಯನ್ನು ಕಲಸಿ ತಯಾರಿಸಿದ ಮುದ್ದೆ. ಕ್ಯಾಲ್ಸಿಯಂ ಕಾರ್ಬೊನೇಟ್, ಸಿಲಿಕಾ, ಅಲ್ಯೂಮಿನಾ ಮುಂತಾದವು ಇದಕ್ಕೆ ಬೀಳುವ ಪುಡಿಗಳು. ಚಪಾತಿ ಹಿಟ್ಟಿನಂತೆ ಇದನ್ನು ನಾದಬಹುದು, ತಟ್ಟಬಹುದು, ಮಡಿಸಬಹುದು. ಆದರೆ ಮಣ್ಣಿನ ಹಾಗೆ ಬೇಗ ಒಣಗಿ ಬಿರಿಯುವುದಿಲ್ಲ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 50ರಿಂದ 200 ಗ್ರಾಂ ತೂಕದ ತುಂಡುಗಳು ಸಿಗುತ್ತವೆ.

ಕಾರನ್ನು ಚೆನ್ನಾಗಿಟ್ಟುಕೊಳ್ಳುವವರ ಕೆಲಸದ ಸರಣಿಯಲ್ಲಿ ಕ್ಲೇ ಬರುವುದು ತೊಳೆಯುವುದಕ್ಕೂ ಪಾಲಿಶ್‌ಗೂ ನಡುವೆ. ತೊಳೆದಾಗ ಮೇಲೆ ಕೂತ ಧೂಳು ಹೋಗುತ್ತದೆ. ಪಾಲಿಶ್ ಬಣ್ಣವನ್ನೇ ಒಂದಿಷ್ಟು ಸವೆಸಿ ಗೀರುಗಳನ್ನು ಅಳಿಸುತ್ತದೆ. ಕ್ಲೇ ತೆಗೆಯುವುದು ಇವೆರಡರ ನಡುವೆ ಉಳಿದುಬಿಡುವ, ಬಣ್ಣಕ್ಕೆ ಹತ್ತಿದ ಆದರೆ ಬಣ್ಣದ್ದಲ್ಲದ ಕೊಳೆಯನ್ನು. ಈ ಎಲ್ಲೆ ಗೊತ್ತಿಲ್ಲದೆ ಕ್ಲೇ ಹಿಡಿದವರಲ್ಲಿ ಕೆಲವರು ಅದರಿಂದ ಗೀರು ಹೋಗಲೆಂದು ಕಾಯುತ್ತಾರೆ, ಕೆಲವರು ವಾರವಾರವೂ ಉಜ್ಜಿ ಬಣ್ಣ ಮಂಕು ಮಾಡಿಕೊಳ್ಳುತ್ತಾರೆ. ಉಪಯುಕ್ತ ಸಾಧನವೇ ಹೌದು. ಆದರೆ ಬೇಕಾದಾಗ ಮಾತ್ರ ಕೈಗೆತ್ತಿಕೊಳ್ಳಬೇಕಾದದ್ದು. ಯಾವಾಗ ಬೇಕು ಎನ್ನುವುದು ಅರ್ಥವಾಗಲು ಮೊದಲು ಬಣ್ಣದ ರಚನೆ ತಿಳಿದಿರಬೇಕು.

ಬಣ್ಣದ ಪದರಗಳು

ಇಂದಿನ ಕಾರಿನ ಉಕ್ಕಿನ ತಗಡಿನ ಮೇಲೆ ಮೊದಲು ಫಾಸ್ಫೇಟ್ ಲೇಪ ಬರುತ್ತದೆ. ನಂತರ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕೂರಿಸುವ ತುಕ್ಕುನಿರೋಧಕ ಪದರ. ಫೋರ್ಡ್ ಕಂಪನಿ 1960ರ ದಶಕದಲ್ಲಿ ಬಳಕೆಗೆ ತಂದ ಈ ವಿಧಾನ ಈಗ ಬಹುತೇಕ ಎಲ್ಲ ದೊಡ್ಡ ಕಾರ್ಖಾನೆಗಳಲ್ಲೂ ಇದೆ. ಅದರ ಮೇಲೆ ಪ್ರೈಮರ್, ಆಮೇಲೆ ನಮಗೆ ಬಣ್ಣವಾಗಿ ಕಾಣುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಹೊಳಪನ್ನೂ, ಬಿಸಿಲಿನ ನೇರಳಾತೀತ ಕಿರಣಗಳಿಂದ ರಕ್ಷಣೆಯನ್ನೂ ಕೊಡುವ ಕ್ಲಿಯರ್ ಕೋಟ್ ಇದರಲ್ಲಿ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್, ಅದಕ್ಕಿಂತ ಒರಟಾದ ಕಾಂಪೌಂಡ್, ಕ್ಲೇ ಎಲ್ಲವೂ ಕೆಲಸ ಮಾಡಬೇಕಾದದ್ದು ಈ ತೆಳು ಪದರದ ಮೇಲೆಯೇ. ಅದು ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಪೇಂಟಿಂಗ್ ಬೂತ್‌ಗೆ ಒಯ್ದು ಹೊಸದಾಗಿ ಹೊಡೆಸಬೇಕು.

ಬೇಸ್ ಕೋಟ್ ಮೇಲೆ ಕ್ಲಿಯರ್ ಕೋಟ್ ಹೊಡೆಯುವ ಪದ್ಧತಿ ಜಗತ್ತಿನಲ್ಲಿ ವ್ಯಾಪಕವಾದದ್ದು 1980ರ ದಶಕದಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತಿತ್ತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಬಣ್ಣ ಅಂಥದ್ದು. ಅಂಥ ಹಳೆಯ ಗಾಡಿಗೆ ಕ್ಲೇ ಹಾಕಿದರೆ ಉಂಡೆಗೆ ಕಾರಿನ ಬಣ್ಣವೇ ಒಂದಿಷ್ಟು ಹತ್ತುತ್ತದೆ. ಬಿಸಿಲಿಗೆ ಸತ್ತ ಮೇಲ್ಪದರ ಬಿಟ್ಟುಬರುವುದು ಅಲ್ಲಿ ಸಹಜ, ಗಾಬರಿಯಾಗಬೇಕಿಲ್ಲ. ಆದರೆ ಮುಂದುವರಿಯುವ ಮೊದಲು ಬಣ್ಣದ ದಪ್ಪ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹತ್ತುವ ಕೊಳೆ, ಅದರ ಮೂಲ

ಬಣ್ಣಕ್ಕೆ ಹತ್ತುವ ಕೊಳೆಯಲ್ಲಿ ಹೆಚ್ಚು ಹಾನಿಕರವಾದದ್ದು ಕಬ್ಬಿಣದ ಕಣ. ಬ್ರೇಕ್ ಒತ್ತಿದಾಗ ಪ್ಯಾಡ್ ಎರಕದ ಕಬ್ಬಿಣದ ಡಿಸ್ಕಿಗೆ ಉಜ್ಜಿ ಕಾದ ಕಣಗಳನ್ನು ಹಾರಿಸುತ್ತದೆ. ಅವು ಮೊದಲು ವೀಲಿನ ಮೇಲೆ, ಬಳಿಕ ಚಕ್ರದ ಹಿಂದಿನ ಬಾಗಿಲಿನ ಕೆಳಭಾಗ ಮತ್ತು ಹಿಂದಿನ ಬಂಪರಿನ ಮೇಲೆ ಬೀಳುತ್ತವೆ. ಮುಂದಿನ ಗಾಡಿಯ ಬ್ರೇಕ್ ಧೂಳು ನಮ್ಮ ಬಾನೆಟ್ ಮೇಲೂ ಬರುತ್ತದೆ. ಅಮೆರಿಕದಲ್ಲಿ ಹೊಸ ಕಾರುಗಳನ್ನು ಕಾರ್ಖಾನೆಯಿಂದ ಶೋರೂಮಿಗೆ ರೈಲಿನಲ್ಲಿ ಸಾಗಿಸುವಾಗ ಗಾಲಿ ಮತ್ತು ಹಳಿಗಳ ಉಜ್ಜಾಟದಿಂದ ಎದ್ದ ಕಬ್ಬಿಣದ ಪುಡಿ ಬಣ್ಣಕ್ಕೆ ಕೂರುವುದು ದೊಡ್ಡ ತಲೆನೋವಾಗಿತ್ತು. ಇಂಥ ಕೊಳೆಗೆ ಅಲ್ಲಿನವರು ಇಟ್ಟ ರೈಲ್ ಡಸ್ಟ್ ಎಂಬ ಹೆಸರು ಈಗ ಕಾರನ್ನು ತೊಳೆದು ಹೊಳಪಿಸುವ ಎಲ್ಲ ಕಡೆಯ ಡಿಟೇಲಿಂಗ್ ಅಂಗಡಿಗಳಲ್ಲೂ ಕೇಳುತ್ತದೆ. ಫೌಂಡ್ರಿ, ಗ್ರಿಲ್ ಮತ್ತು ವೆಲ್ಡಿಂಗ್ ಅಂಗಡಿಗಳ ಪಕ್ಕ ನಿಲ್ಲುವ ಕಾರಿಗೂ ಇದೇ ಪಾಡು. ಬೆಳಗಾವಿ, ಶಿವಮೊಗ್ಗದಂಥ ಫೌಂಡ್ರಿಗಳ ಊರಿನಲ್ಲಿ ಬಿಳಿ ಕಾರಿನ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣದಾದ ಕಿತ್ತಳೆ ಚುಕ್ಕೆಗಳು ಕಂಡರೆ ಅದು ಕಾರಿನ ತಗಡಿನ ತುಕ್ಕೇ ಆಗಿರಬೇಕೆಂದಿಲ್ಲ. ಹೊರಗಿನಿಂದ ಬಂದು ಕೂತ ಕಣ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು.

ಕಾದಿರುವ ಕಣ ಬಿದ್ದ ಕಡೆ ಬಣ್ಣವನ್ನು ತುಸು ಕರಗಿಸಿ ಹತ್ತುತ್ತದೆ, ಚೂಪಾದ ಕಣ ಚುಚ್ಚಿಕೊಂಡು ಕೂರುತ್ತದೆ. ನಂತರ ಮಳೆ, ಇಬ್ಬನಿಗೆ ತುಕ್ಕಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಣ ಉಬ್ಬಿ ಸುತ್ತಲಿನ ಕ್ಲಿಯರ್ ಕೋಟನ್ನು ಒತ್ತುತ್ತದೆ, ಆ ಸಂದಿಯಲ್ಲಿ ನೀರು ಇಳಿಯುತ್ತದೆ. ಇದು ನೋಟದ ಪ್ರಶ್ನೆಯಷ್ಟೇ ಅಲ್ಲದಿರುವುದು ಈ ಕಾರಣಕ್ಕೆ.

ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಡೆಯ ಕೆಂಧೂಳಿನ ಸ್ವಭಾವ ಬೇರೆ. ಅಲ್ಲಿನ ಅದಿರು ಹೆಮಟೈಟ್, ಅಂದರೆ ಈಗಾಗಲೇ ಆಕ್ಸೈಡ್ ಆಗಿರುವ ಕಬ್ಬಿಣ. ಬ್ರೇಕಿನ ಕಣದಂತೆ ಕಾದು ಬಂದು ಬಣ್ಣಕ್ಕೆ ಬೆಸೆದುಕೊಳ್ಳುವುದು ಅದರ ರೀತಿಯಲ್ಲ. ಅದು ಮೇಲೆ ಕೂರುತ್ತದೆ, ಸಂದಿಗಳಿಗೆ ಸೇರುತ್ತದೆ. ಆದರೆ ಗಟ್ಟಿಯಾದ ಖನಿಜ. ಅದರ ಮೇಲೆ ಒಣಬಟ್ಟೆ ಎಳೆದರೂ ಕ್ಲೇ ಎಳೆದರೂ ಬಣ್ಣದ ಮೇಲೆ ಗೀರು ಖಚಿತ. ಅದಿರು ಲಾರಿಗಳ ರಸ್ತೆಯಲ್ಲಿ ಓಡಾಡಿದ ಗಾಡಿಗೆ ಮೊದಲು ಬೇಕಾದದ್ದು ಧಾರಾಳ ನೀರು, ತಾಳ್ಮೆಯ ತೊಳೆತ. ಕ್ಲೇ ಮಾತು ಆಮೇಲಿನದು.

ಮರದ ಕೆಳಗೆ ನಿಲ್ಲಿಸಿದ ಕಾರಿಗೆ ಇನ್ನೊಂದು ಬಗೆಯ ಕಷ್ಟ. ಮಾವು ಹೂ ಬಿಡುವ ತಿಂಗಳುಗಳಲ್ಲಿ ಗಾಜಿನ ಮೇಲೂ ಬಾನೆಟ್ ಮೇಲೂ ಬೀಳುವ ಜಿಗುಟು ಹನಿಗಳನ್ನು ಮರದ ರಸವೆಂದೇ ಎಲ್ಲರೂ ತಿಳಿಯುತ್ತಾರೆ. ಅದರಲ್ಲಿ ಬಹುಪಾಲು ಹೂಗೊಂಚಲಿನ ರಸ ಹೀರುವ ಜಿಗಿಹುಳುಗಳು ಹೊರಹಾಕುವ ಸಿಹಿ ದ್ರವ. ಹೊಸದಿದ್ದಾಗ ಬರಿ ನೀರಿಗೇ ಕರಗುತ್ತದೆ. ಬಿಸಿಲಿಗೆ ಒಣಗಿ, ಅದರ ಮೇಲೆ ಧೂಳು ಕೂತು, ಕಪ್ಪು ಬೂಷ್ಟು ಬೆಳೆದ ಮೇಲೆ ಮಾತ್ರ ಹಟ ಹಿಡಿಯುತ್ತದೆ. ನಿಜವಾದ ಗೋಂದು, ಮೇಣ ಸುರಿಸುವ ಮರಗಳ ಹನಿ ಇದಕ್ಕಿಂತ ಬಿಗಿ. ಹಕ್ಕಿಯ ಹಿಕ್ಕೆ, ಸತ್ತ ಹುಳುಗಳ ದೇಹರಸ ಇವೆಲ್ಲ ಆಮ್ಲೀಯ. ಬಿಸಿಲಿನಲ್ಲಿ ಒಂದೆರಡು ದಿನ ಬಿಟ್ಟರೆ ಕ್ಲಿಯರ್ ಕೋಟನ್ನೇ ಕೊರೆದು ತಗ್ಗು ಮಾಡುತ್ತವೆ. ಮೇಲೆ ಉಳಿದ ಕಲೆಯನ್ನು ಕ್ಲೇ ತೆಗೆಯಬಲ್ಲದು, ತಗ್ಗನ್ನು ತುಂಬಲಾರದು.

ಬೋರ್‌ವೆಲ್ ನೀರಿನ ಬಿಳಿ ಉಂಗುರಗಳು ಬೆಂಗಳೂರು, ಕೋಲಾರ, ತುಮಕೂರು ಕಡೆಯವರಿಗೆ ಚೆನ್ನಾಗಿ ಗೊತ್ತು. ಗಡಸು ನೀರು ಆರಿಹೋದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿಯ ಅಂಚಿನಲ್ಲಿ ಉಳಿಯುತ್ತವೆ. ಇದಕ್ಕೆ ಕ್ಲೇಗಿಂತ ನೀರು ಬೆರೆಸಿದ ವಿನೆಗರ್ ಅಥವಾ ಇದಕ್ಕೆಂದೇ ಮಾರುವ ಸೌಮ್ಯ ಆಮ್ಲದ ದ್ರಾವಣ ಉತ್ತಮ ಮದ್ದು, ಏಕೆಂದರೆ ಕಾರ್ಬೊನೇಟ್ ಆಮ್ಲಕ್ಕೆ ಕರಗುತ್ತದೆ. ಬಳಸಿದ ಕೂಡಲೇ ತೊಳೆದುಬಿಡಬೇಕು. ಡಾಂಬರಿನ ಚುಕ್ಕೆಗೂ ಹಾಗೆಯೇ: ಸೀಮೆಎಣ್ಣೆಯಲ್ಲೋ ಟಾರ್ ರಿಮೂವರಿನಲ್ಲೋ ಅದ್ದಿದ ಬಟ್ಟೆಯನ್ನು ಒಂದಿಷ್ಟು ಹೊತ್ತು ಇಟ್ಟರೆ ಕರಗುತ್ತದೆ. ಅದನ್ನೇ ಕ್ಲೇಯಿಂದ ಎಳೆದರೆ ಉಂಡೆಯ ತುಂಬ ಡಾಂಬರು ಹರಡಿ ಅದು ಕೆಲಸಕ್ಕೆ ಬಾರದಂತಾಗುತ್ತದೆ.

ಕಟ್ಟಡದ ಕೆಲಸ ನಡೆಯುವ ಕಡೆ ಹಾರುವ ಸಿಮೆಂಟ್ ಹನಿ ಬೇರೆಯೇ ಅಪಾಯ. ಒಣಗಿದ ಸಿಮೆಂಟಿನ ಚುಕ್ಕೆಯೊಳಗೆ ಮರಳು ಇರುತ್ತದೆ. ಕ್ಲೇ ಅದನ್ನು ಕಿತ್ತ ಕ್ಷಣವೇ ಆ ಮರಳನ್ನು ಬಣ್ಣದ ಮೇಲೆ ಎಳೆಯುತ್ತದೆ. ಮೊದಲು ಸಿಮೆಂಟ್ ಕರಗಿಸುವ ದ್ರಾವಣದಿಂದ ಮೆತ್ತಗಾಗಿಸಿಕೊಳ್ಳದೆ ಮುಟ್ಟಬಾರದು. ಇದಕ್ಕೆ ಪೂರಾ ಎದುರು, ಪಕ್ಕದ ಮನೆಯ ಗೇಟಿಗೋ ಗ್ರಿಲ್ಲಿಗೋ ಸ್ಪ್ರೇ ಹೊಡೆದಾಗ ಗಾಳಿಯಲ್ಲಿ ಬಂದು ಕೂರುವ ಬಣ್ಣದ ಹುಡಿ. ಕೈಯಾಡಿಸಿದರೆ ಮರಳುಕಾಗದದಂತೆ ತರಿತರಿ. ಕ್ಲೇ ಬಾರ್ ತನ್ನ ಶಕ್ತಿಯನ್ನು ಪೂರ್ತಿಯಾಗಿ ತೋರುವುದು ಇಲ್ಲಿಯೇ.

ಹುಟ್ಟು ಮತ್ತು ಪೇಟೆಂಟ್

ಕ್ಲೇ ಬಾರ್ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿನ ತಡಾವೊ ಕೊಡಾಟೆ ಇದರ ಸಂಶೋಧಕ. ಅಮೆರಿಕದ ಪೇಟೆಂಟ್ ಕಚೇರಿ 1995ರ ಡಿಸೆಂಬರಿನಲ್ಲಿ ಅವರಿಗೆ ನೀಡಿದ 5,476,416ನೆಯ ಸಂಖ್ಯೆಯ ಪೇಟೆಂಟ್ ಈ ವಸ್ತುವನ್ನು ಬಾಗುವ, ಮಿದುವಾದ ಪ್ಲಾಸ್ಟಿಕ್ ಸಾಣೆಕಲ್ಲು ಎಂದೇ ಕರೆದಿದೆ. ಜಾಹೀರಾತುಗಳು ಕ್ಲೇಯನ್ನು ಕೊಳೆ ಎಳೆದುಕೊಳ್ಳುವ ಅಂಟಿನಂತೆ ಬಣ್ಣಿಸಿದರೂ ಸಂಶೋಧಕ ಅದನ್ನು ಉಜ್ಜುವ ಸಾಧನವೆಂದೇ ಕಂಡಿದ್ದರು. ಬಳಸುವವರು ಇದನ್ನು ನೆನಪಿಟ್ಟುಕೊಂಡರೆ ಅರ್ಧ ಎಚ್ಚರಿಕೆ ತಾನಾಗಿ ಬರುತ್ತದೆ.

ಮೊದಲು ಇದನ್ನು ಬಳಸಿದವರು ಅಪಘಾತವಾದ ಕಾರುಗಳನ್ನು ದುರಸ್ತಿ ಮಾಡಿ ಬಣ್ಣ ಹೊಡೆಯುವ ಟಿಂಕರಿಂಗ್ ಮತ್ತು ಪೇಂಟಿಂಗ್ ಶಾಪ್‌ಗಳವರು. ಒಂದು ಬಾಗಿಲಿಗೆ ಬಣ್ಣ ಹೊಡೆಯುವಾಗ ಮಿಕ್ಕ ಭಾಗಕ್ಕೆ ಹಾರಿದ ಹುಡಿಯನ್ನು ತೆಗೆಯಲು ಅದಕ್ಕೂ ಮುಂಚೆ ಇದ್ದ ದಾರಿಗಳು ಮೂರು: ಬ್ಲೇಡಿನಿಂದ ಕೆರೆಯುವುದು, ತಿನ್ನರ್‌ನಿಂದ ಒರೆಸುವುದು, ಕಾಂಪೌಂಡ್ ಹಾಕಿ ಯಂತ್ರದಲ್ಲಿ ಉಜ್ಜುವುದು. ಮೂರೂ ಒಳಗಿನ ಒಳ್ಳೆಯ ಬಣ್ಣಕ್ಕೆ ಕುತ್ತು ತರುವಂಥವೇ. ಉಬ್ಬಿರುವುದನ್ನು ಮಾತ್ರ ತೆಗೆದು ಸಪಾಟಾದದ್ದನ್ನು ಬಹುಮಟ್ಟಿಗೆ ಹಾಗೇ ಬಿಡುವ ಸಾಧನ ಸಿಕ್ಕಿದ್ದು ಆ ಕೆಲಸಗಾರರಿಗೆ ದೊಡ್ಡ ಅನುಕೂಲವಾಯಿತು.

1990ರ ದಶಕದಲ್ಲಿ ಇದು ಅಮೆರಿಕಕ್ಕೆ ಬಂತು. ಟೆಕ್ಸಾಸ್ ರಾಜ್ಯದ ಡಲ್ಲಾಸಿನ ಆಟೋ ವ್ಯಾಕ್ಸ್ ಕಂಪನಿ ಕ್ಲೇ ಮ್ಯಾಜಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರಿತು. ಪೇಟೆಂಟಿನ ಹಕ್ಕಿಗಾಗಿ ಅದು ಇತರ ತಯಾರಕರ ಮೇಲೆ ನ್ಯಾಯಾಲಯಕ್ಕೂ ಹೋಯಿತು. ಮದರ್ಸ್, ಮೆಗ್ವಾಯರ್ಸ್‌ನಂಥ ಹೆಸರಾಂತ ಬ್ರ್ಯಾಂಡುಗಳು ಚಿಕ್ಕ ಪೆಟ್ಟಿಗೆಗಳಲ್ಲಿ ಕ್ಲೇ ಮತ್ತು ಸ್ಪ್ರೇ ಸೇರಿಸಿ ಮಾರಲು ಶುರುಮಾಡಿದ ಮೇಲೆ ಇದು ವೃತ್ತಿಯವರ ಕೈಯಿಂದ ಮನೆಯ ಗ್ಯಾರೇಜಿಗೆ ಇಳಿಯಿತು. ಪೇಟೆಂಟಿನ ಅವಧಿ 2010ರ ದಶಕದಲ್ಲಿ ಮುಗಿಯಿತು. ಈಗ ಹಲವು ದೇಶಗಳ ಅನೇಕ ತಯಾರಕರ ಕ್ಲೇ ಭಾರತದಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕೆಲಸ ಮಾಡುವ ಬಗೆ

ತೇವವಿರುವ ಬಣ್ಣದ ಮೇಲೆ ಕ್ಲೇ ಜಾರುವಾಗ ಅದರ ಮತ್ತು ಬಣ್ಣದ ನಡುವೆ ದ್ರವದ ತೆಳು ಪೊರೆ ಇರುತ್ತದೆ. ಸಪಾಟಾದ ಕಡೆ ಉಂಡೆ ಈ ಪೊರೆಯ ಮೇಲೆ ತೇಲಿದಂತೆ ಸಾಗುತ್ತದೆ. ಕಣವೊಂದು ಪೊರೆಯನ್ನು ದಾಟಿ ಮೇಲೆದ್ದಿದ್ದರೆ ಕೈಯ ಒತ್ತಡವೆಲ್ಲ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಉಂಡೆಯಲ್ಲಿರುವ ಪುಡಿ ಅದನ್ನು ಸವೆಸುತ್ತದೆ ಅಥವಾ ಬುಡದಿಂದ ಕೀಳುತ್ತದೆ. ಕಿತ್ತ ಕಣ ಮೆತ್ತನೆಯ ಮುದ್ದೆಯೊಳಗೆ ಹೂತುಹೋಗುತ್ತದೆ. ಉಬ್ಬಿದ್ದಕ್ಕೆ ಪೆಟ್ಟು, ಸಪಾಟಾದದ್ದಕ್ಕೆ ರಿಯಾಯಿತಿ ಎಂಬುದೇ ಕ್ಲೇಯ ಗುಟ್ಟು. ಇದಕ್ಕೆ ಆಧಾರ ಆ ಪೊರೆ. ದ್ರವ ಆರಿದರೆ ಉಂಡೆ ಬಣ್ಣಕ್ಕೇ ಅಂಟಿಕೊಳ್ಳುತ್ತದೆ, ಕಲೆ ಬಿಡುತ್ತದೆ, ಗೀರುತ್ತದೆ.

ಕ್ಲೇಯಿಂದ ಗೀರು ಹೋಗದಿರುವುದಕ್ಕೂ ಇದೇ ಕಾರಣ. ಗೀರು ಎಂದರೆ ತಗ್ಗು. ತಗ್ಗಿನ ಸುತ್ತಲಿನ ಮಟ್ಟವನ್ನು ಇಳಿಸಿದರೆ ಮಾತ್ರ ಅದು ಕಾಣದಾಗುತ್ತದೆ. ಆ ಕೆಲಸ ಪಾಲಿಶ್‌ನದು. ಬಿಸಿಲಿಗೆ ಸುಣ್ಣ ಬಳಿದಂತೆ ಮಂಕಾದ ಬಣ್ಣವೂ ಕ್ಲೇಗೆ ಬಗ್ಗುವುದಿಲ್ಲ.

ಉಂಡೆಯಲ್ಲಿರುವ ಪುಡಿಯ ನಯ, ಪ್ರಮಾಣ ಮತ್ತು ಮುದ್ದೆಯ ಗಡಸುತನ ನೋಡಿ ಫೈನ್, ಮೀಡಿಯಂ, ಹೆವಿ ಎಂದು ವಿಂಗಡಿಸುತ್ತಾರೆ. ಉಂಡೆಯ ಬಣ್ಣ ನೋಡಿ ದರ್ಜೆ ಹೇಳುವಂತಿಲ್ಲ. ನೀಲಿ ಒಬ್ಬರ ಫೈನ್, ಮತ್ತೊಬ್ಬರ ಮೀಡಿಯಂ. ಮನೆಯಲ್ಲಿ ಮಾಡುವವರಿಗೆ ಫೈನ್ ಸಾಕು, ಅಷ್ಟೇ ಸರಿ. ಹೆವಿ ಬಳಸಿದ ಮೇಲೆ ಯಂತ್ರದ ಪಾಲಿಶ್ ಮಾಡಿಯೇ ತೀರಬೇಕು, ಇಲ್ಲವಾದರೆ ಕಪ್ಪು ಕಾರಿನ ಮೇಲೆ ಮಬ್ಬು ಪಟ್ಟೆಗಳು ಎದ್ದು ಕಾಣುತ್ತವೆ.

ಕ್ಲೇ ಮಾಡುವ ಕ್ರಮ

ಅಗತ್ಯವಿದೆಯೇ ಎಂದು ನೋಡುವ ಸುಲಭ ಪರೀಕ್ಷೆಯೊಂದಿದೆ. ಕಾರು ತೊಳೆದು ಒರೆಸಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬೆರಳ ತುದಿಯನ್ನು ಬಾನೆಟ್ ಮೇಲೆ ಹಗುರವಾಗಿ ಆಡಿಸಬೇಕು. ಬರಿಗೈಗೆ ನುಣುಪೆನಿಸಿದ ಜಾಗವೇ ಕವರಿನೊಳಗಿನ ಬೆರಳಿಗೆ ರವೆ ಚೆಲ್ಲಿದಂತೆ ತಾಕುತ್ತದೆ. ಚರ್ಮದ ತೇವ ಮತ್ತು ಹಿಡಿತ ತಪ್ಪಿ, ಕವರು ಜಾರುತ್ತ ಸಾಗುವಾಗ ಪ್ರತಿ ಕಣದ ಅದುರು ಬೆರಳಿಗೆ ಸ್ಪಷ್ಟವಾಗಿ ಮುಟ್ಟುತ್ತದೆ. ತರಿ ತಾಕದಿದ್ದರೆ ಕ್ಲೇ ಬೇಕಿಲ್ಲ. ಬಿಸಿಲು ಮತ್ತು ಧೂಳಿನಲ್ಲಿ ನಿಲ್ಲುವ ಕಾರಿಗೂ ವರ್ಷಕ್ಕೆ ಒಂದೆರಡು ಸಲ ಸಾಕಾಗುತ್ತದೆ. ಮುಚ್ಚಿದ ಗ್ಯಾರೇಜಿನ ಕಾರಿಗೆ ಇನ್ನೂ ಅಪರೂಪ. ಹೊಸ ಕಾರೂ ಈ ಪರೀಕ್ಷೆಯಲ್ಲಿ ಸೋಲಬಹುದು. ಸಾಗಣೆಯಲ್ಲೂ ಕಂಪನಿಯ ಯಾರ್ಡಿನಲ್ಲೂ ಬಯಲಿನಲ್ಲಿ ನಿಂತು ಬಂದ ಗಾಡಿ ಅದು.

ಕೆಲಸಕ್ಕೆ ನೆರಳು ಬೇಕು, ತಗಡು ತಣ್ಣಗಿರಬೇಕು. ಮೊದಲು ನೀರು ಹಾಯಿಸಿ ಮಣ್ಣು ಇಳಿಸಿ, ಶಾಂಪೂ ನೀರಿಗೊಂದು ಬಕೆಟ್, ತೊಳೆಯುವ ಕೈಗವಸು ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡು ತೊಳೆಯಬೇಕು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ, ನೀರಿನ ಅಭಾವ ತೀವ್ರವಾದಾಗ, ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. ಪೈಪು ಬಿಟ್ಟು ತೊಳೆಯುವುದಕ್ಕಿಂತ ಬಕೆಟ್ ಎಷ್ಟೋ ಮೇಲು. ಆದರೆ ಮಣ್ಣು ಪೂರ್ತಿ ಇಳಿಯದ ಕಾರಿಗೆ ನೀರು ಉಳಿಸುವ ನೆಪದಲ್ಲಿ ಕ್ಲೇ ಹಚ್ಚುವುದು ಸಲ್ಲದು. ನೀರಿಲ್ಲದ ದಿನಗಳಲ್ಲಿ ಈ ಕೆಲಸವನ್ನೇ ಮುಂದೂಡುವುದು ಲೇಸು.

ತೊಳೆದ ಮೇಲೆ ಐರನ್ ರಿಮೂವರ್ ಸಿಂಪಡಿಸುವುದು ಈಚಿನ ವರ್ಷಗಳ ಒಳ್ಳೆಯ ಅಭ್ಯಾಸ. ಇದರ ಮುಖ್ಯ ವಸ್ತು ಥಯೋಗ್ಲೈಕೋಲಿಕ್ ಆಮ್ಲದ ಲವಣ, ಬ್ಯೂಟಿ ಪಾರ್ಲರುಗಳಲ್ಲಿ ಕೂದಲು ಗುಂಗುರು ಮಾಡುವ ದ್ರಾವಣದಲ್ಲಿ ಇರುವಂಥದ್ದೇ. ಕಬ್ಬಿಣದ ಜೊತೆ ಸೇರಿ ಅದು ನೀರಿನಲ್ಲಿ ಕರಗುವ ನೇರಳೆ ಬಣ್ಣದ ಸಂಯುಕ್ತವಾಗುತ್ತದೆ. ಬಿಳಿ ಬಾಗಿಲಿಗೆ ಸಿಂಪಡಿಸಿ ಕೆಲ ನಿಮಿಷ ಕಾದರೆ, ಏನೂ ಇಲ್ಲದಂತೆ ಕಾಣುತ್ತಿದ್ದ ಜಾಗದಲ್ಲಿ ಚುಕ್ಕೆ ಚುಕ್ಕೆಯಾಗಿ ನೇರಳೆ ಮೂಡುತ್ತದೆ. ಪ್ರತಿ ಚುಕ್ಕೆಯಿಂದ ಒಂದು ಗೆರೆ ಕೆಳಗಿಳಿಯುತ್ತದೆ, ಬಂಪರಿನ ಅಂಚಿಗೆ ಬರುವಷ್ಟರಲ್ಲಿ ಗೆರೆಗಳೆಲ್ಲ ಕೂಡಿ ಹರಿಯುತ್ತವೆ. ಗಂಧಕದ ಕೆಟ್ಟ ವಾಸನೆ ಇದ್ದೇ ಇರುತ್ತದೆ. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಬೇಕು, ಆರಲು ಬಿಡದೆ ತೊಳೆಯಬೇಕು. ಕಬ್ಬಿಣ ಹೀಗೆ ಕರಗಿಹೋದಷ್ಟೂ ಕ್ಲೇ ಎಳೆದಾಡುವ ಗಟ್ಟಿ ಕಣಗಳು ಕಡಿಮೆಯಾಗುತ್ತವೆ, ಗೀರಿನ ಭಯವೂ ಕಡಿಮೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಟ್ಟುಬಿಡಬಾರದ ಹಂತ ಇದು.

ಈಗ ಕ್ಲೇ. ಇಡೀ ಬಾರನ್ನು ಒಮ್ಮೆಗೇ ತೆಗೆದುಕೊಳ್ಳದೆ ಸುಮಾರು 50 ಗ್ರಾಂ ತುಂಡು ಮಾಡಿಕೊಳ್ಳಬೇಕು; ಕೈಜಾರಿ ಬಿದ್ದರೆ ಹೋಗುವುದು ಆ ತುಂಡು ಮಾತ್ರ. ಚಳಿಗಾಲದ ಬೆಳಗ್ಗೆ ಗಟ್ಟಿಯಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಕೆಲ ನಿಮಿಷ ಮುಳುಗಿಸಿ ನಾದಬೇಕು. ನಾಲ್ಕು ಬೆರಳು ಕೂರುವಷ್ಟು ಅಗಲಕ್ಕೆ ತಟ್ಟಿಕೊಂಡು, ಉಂಡೆಗೂ ಕಾರಿಗೂ ಜಾರುದ್ರವ ಧಾರಾಳವಾಗಿ ಸಿಂಪಡಿಸಬೇಕು. ಇದಕ್ಕೆಂದೇ ಮಾರುವ ಸ್ಪ್ರೇ ಇದೆ. ಹಲವರು ಕಾರ್ ಶಾಂಪೂವಿನ ಕೆಲವು ಹನಿ ಬೆರೆಸಿದ ನೀರಿನಲ್ಲೇ ಮಾಡುತ್ತಾರೆ. ಕೆಲವು ಕ್ಲೇಗಳು ಸಾಬೂನು ನೀರಿಗೆ ಬೇಗ ಪುಡಿಪುಡಿಯಾಗುವುದರಿಂದ ಪೆಟ್ಟಿಗೆಯ ಮೇಲಿನ ಸೂಚನೆ ನೋಡಿಕೊಳ್ಳಬೇಕು.

ಒಂದು ಸಲಕ್ಕೆ ಎರಡಡಿ ಉದ್ದಗಲದ ಜಾಗ ಸಾಕು. ಬೆರಳ ತುದಿಯಿಂದ ಅದುಮದೆ, ಬೆರಳುಗಳನ್ನು ಮಲಗಿಸಿ, ಉಂಡೆಯ ಭಾರಕ್ಕಿಂತ ತುಸುವೇ ಹೆಚ್ಚು ಒತ್ತಡದಲ್ಲಿ ನೇರ ಗೆರೆಯಾಗಿ ಹಿಂದೆ ಮುಂದೆ ಆಡಿಸಬೇಕು. ಗುಂಡಗೆ ತಿರುಗಿಸಬಾರದು: ಗೀರು ಬಿದ್ದರೂ ನೇರವಾಗಿ ಬಿದ್ದದ್ದು ಕಣ್ಣಿಗೆ ಕಡಿಮೆ ಹೊಡೆಯುತ್ತದೆ, ಪಾಲಿಶ್‌ಗೆ ಬೇಗ ಬಿಡುತ್ತದೆ. ಮೊದಲ ಎರಡು ಮೂರು ಎಳೆತದಲ್ಲಿ ಸರಸರ ಸದ್ದು ಕೇಳುತ್ತದೆ, ಕೈಗೆ ಎಳೆತ ಸಿಗುತ್ತದೆ. ಕಣಗಳು ಬಿಡುತ್ತ ಬಂದಂತೆ ಸದ್ದು ಅಡಗುತ್ತದೆ, ಉಂಡೆ ಎಣ್ಣೆಯ ಮೇಲಿದ್ದಂತೆ ಜಾರುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. ಮತ್ತೆ ಉಜ್ಜುವುದು ಕ್ಲಿಯರ್ ಕೋಟಿಗೆ ಸುಮ್ಮನೆ ಕೊಡುವ ಕಾಟ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಉಂಡೆಯ ಮುಖ ನೋಡಬೇಕು. ನೀಲಿಯೋ ಹಳದಿಯೋ ಇದ್ದದ್ದು ಕಂದು ಪಟ್ಟೆಗಳಿಂದ ತುಂಬಿರುತ್ತದೆ, ನಡುನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಕೊಳೆಯ ಮುಖ ಒಳಗಾಗುವಂತೆ ಮಡಿಸಿ, ನಾದಿ, ಮತ್ತೆ ತಟ್ಟಿಕೊಂಡು ಮುಂದಿನ ಜಾಗಕ್ಕೆ ಹೋಗಬೇಕು.

ಮೇಲಿನಿಂದ ಕೆಳಕ್ಕೆ ಬರುವುದು ವಾಡಿಕೆ. ಟಾಪ್, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ, ಕೊನೆಗೆ ಬಾಗಿಲ ಕೆಳಭಾಗ ಮತ್ತು ಬಂಪರುಗಳು. ಹೆಚ್ಚು ಮರಳು, ಡಾಂಬರು ಕೂತಿರುವುದು ಕೆಳಗೆ. ಅಲ್ಲಿ ಆಡಿಸಿದ ಮುಖವನ್ನು ಬಾನೆಟ್ಟಿಗೆ ತರಬಾರದು. ನೆಲಕ್ಕೆ ಬಿದ್ದ ಕ್ಲೇಯನ್ನು ಎಷ್ಟೇ ತೊಳೆದರೂ ಬಳಸಕೂಡದು. ಮೆತ್ತನೆಯ ಮುದ್ದೆಯೊಳಗೆ ಹೂತ ಒಂದು ಮರಳಿನ ಕಾಳು ಕಣ್ಣಿಗೆ ಕಾಣದೆ ಇಡೀ ಬಾಗಿಲನ್ನು ಗೀರಬಲ್ಲದು. ಸಣ್ಣ ಕಾರೊಂದಕ್ಕೆ ತೊಳೆಯುವುದು ಬಿಟ್ಟು ಒಂದೆರಡು ಗಂಟೆ ಹಿಡಿಯುತ್ತದೆ.

ಕ್ಲೇ ಮಾಡಿದ ಕಾರನ್ನು ಹಾಗೇ ಬಿಡುವಂತಿಲ್ಲ. ಕೊಳೆಯ ಜೊತೆಗೆ ಹಳೆಯ ವ್ಯಾಕ್ಸ್ ಕೂಡ ಎದ್ದುಹೋಗಿರುತ್ತದೆ, ಬಣ್ಣ ಬರಿಮೈಯಲ್ಲಿರುತ್ತದೆ. ಅದೇ ದಿನ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಬೇಕು. ನಡುವೆ ಲಘುವಾದ ಪಾಲಿಶ್ ಮಾಡಿದರೆ ಕ್ಲೇ ಬಿಟ್ಟ ನವಿರು ಮಬ್ಬೂ ಹೋಗುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸುವವರಿಗಂತೂ ಕಣ ತೆಗೆಯುವ ಈ ಹಂತ ಕಡ್ಡಾಯ; ಕಣಗಳ ಮೇಲೆಯೇ ಕೋಟಿಂಗ್ ಹಾಕಿದರೆ ಕೊಳೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟಂತೆ. ರಬ್ಬಿಂಗ್ ಮಾಡಿಕೊಡುತ್ತೇವೆ ಎನ್ನುವ ಎಷ್ಟೋ ಅಂಗಡಿಗಳಲ್ಲಿ ಕ್ಲೇ ಬಿಟ್ಟು ನೇರವಾಗಿ ಯಂತ್ರ ಹಚ್ಚುವುದುಂಟು. ಆಗ ಬಿಡಿಸಿಕೊಂಡ ಕಬ್ಬಿಣದ ಕಣ ಪ್ಯಾಡಿಗೆ ಸಿಕ್ಕಿ ತಿರುಗುತ್ತ ಸುತ್ತು ಗೀರುಗಳನ್ನು ಹೊಸದಾಗಿ ಮೂಡಿಸುತ್ತದೆ. ಗಾಡಿ ಬಿಡುವ ಮೊದಲು ಇದನ್ನು ಕೇಳಿಕೊಳ್ಳುವ ಹಕ್ಕು ಗಿರಾಕಿಗೆ ಇದೆ, ಕೇಳಲೇಬೇಕು.

ಎಲ್ಲಿ ಬಳಸಬಾರದು

ಮ್ಯಾಟ್ ಬಣ್ಣದ ಕಾರಿಗೆ ಕ್ಲೇ ತಾಕಿಸಕೂಡದು. ಆ ಬಣ್ಣದ ಮಂಕುತನವೇ ಅದರ ಮೇಲ್ಮೈಯ ಸೂಕ್ಷ್ಮ ತರಿಯಿಂದ ಬಂದದ್ದು. ಉಜ್ಜಿದ ಕಡೆ ಹೊಳಪು ಪಟ್ಟೆ ಬಿದ್ದರೆ ಅದನ್ನು ಮರಳಿ ಮಂಕು ಮಾಡುವ ಉಪಾಯವಿಲ್ಲ. ವಿನೈಲ್ ಸ್ಟಿಕರುಗಳ ಅಂಚು ಎದ್ದು ಬರುತ್ತದೆ. ಬಣ್ಣ ರಕ್ಷಿಸುವ ಪಾರದರ್ಶಕ ಫಿಲ್ಮ್ ಇದ್ದರೆ ಅದರ ತಯಾರಕರ ಸೂಚನೆ ನೋಡಬೇಕು. ಸೆರಾಮಿಕ್ ಕೋಟಿಂಗ್ ಇರುವ ಕಾರಿಗೆ ಕ್ಲೇ ಹಾಕಿದರೆ ಕೋಟಿಂಗಿನ ಆಯಸ್ಸು ಕುಗ್ಗುತ್ತದೆ. ಅಲ್ಲಿ ಮೊದಲು ರಾಸಾಯನಿಕ ದಾರಿಯನ್ನೇ ನೋಡಬೇಕು. ಕಪ್ಪು ತರಿ ಪ್ಲಾಸ್ಟಿಕ್ ಮತ್ತು ರಬ್ಬರ್ ಪಟ್ಟಿಗಳಲ್ಲಿ ಕ್ಲೇ ಸಿಕ್ಕಿಕೊಂಡರೆ ತೆಗೆಯುವುದೇ ಕಷ್ಟ. ಅಂಗಡಿಯಲ್ಲಿ ಹೊಸದಾಗಿ ಬಣ್ಣ ಹೊಡೆಸಿದ ಭಾಗ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಸುಮಾರು ಒಂದು ತಿಂಗಳು ಬಿಡುವುದು ರೂಢಿಯಾದರೂ ಬಣ್ಣ ಹೊಡೆದವರನ್ನೇ ಕೇಳುವುದು ಸರಿಯಾದ ಕ್ರಮ.

ಗಾಜಿಗೆ ಮಾತ್ರ ಹಿಂಜರಿಯಬೇಕಿಲ್ಲ. ಗಾಜು ಕ್ಲಿಯರ್ ಕೋಟಿಗಿಂತ ಬಹಳ ಗಡಸು. ಮುಂದಿನ ಗಾಜಿಗೆ ಕ್ಲೇ ಹಾಕಿದರೆ ಹುಳುಗಳ ಕಲೆ, ಎಣ್ಣೆಪೊರೆ, ಮರದ ಹನಿ ಎಲ್ಲ ಹೋಗಿ ವೈಪರ್ ಕಿರ್ರೆನ್ನದೆ ಓಡಾಡುತ್ತದೆ. ಮಳೆಗಾಲಕ್ಕೆ ಮುಂಚೆ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ ರಾತ್ರಿ ಓಡಿಸುವವರು ಮಾಡಿಕೊಳ್ಳಬೇಕಾದ ಕೆಲಸ. ಅಲಾಯ್ ವೀಲಿಗೂ ಬೈಕಿನ ಟ್ಯಾಂಕಿಗೂ ಇದು ಆಗುತ್ತದೆ. ವೀಲಿಗೆ ಬಳಸಿದ ತುಂಡನ್ನು ಬೇರೆಯೇ ಇಡಬೇಕು.

ಬದಲಿ ಸಾಧನಗಳು

ಈಚೆಗೆ ಕ್ಲೇ ಮಿಟ್, ಕ್ಲೇ ಟವಲ್, ಯಂತ್ರಕ್ಕೆ ಹಾಕುವ ಕ್ಲೇ ಪ್ಯಾಡ್‌ಗಳು ಬಂದಿವೆ. ಇವುಗಳಲ್ಲಿ ಮುದ್ದೆಯ ಬದಲು ಬಟ್ಟೆ ಅಥವಾ ಸ್ಪಂಜಿನ ಒಂದು ಮುಖಕ್ಕೆ ರಬ್ಬರಿನಂಥ ಪಾಲಿಮರ್ ಹಾಳೆ ಹತ್ತಿಸಿರುತ್ತಾರೆ. ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನೆಲಕ್ಕೆ ಬಿದ್ದರೆ ತೊಳೆದು ಮತ್ತೆ ಬಳಸಬಹುದು. ಶಾಂಪೂ ಹಾಕಿ ತೊಳೆಯುವಾಗಲೇ ಮಿಟ್ ಆಡಿಸಿ ಮುಗಿಸುವವರೂ ಇದ್ದಾರೆ. ಆದರೆ ಮುದ್ದೆಯಂತೆ ಇದು ಕಣವನ್ನು ಒಳಗೆ ನುಂಗಿಕೊಳ್ಳುವುದಿಲ್ಲ. ಕಿತ್ತ ಕಣ ಮುಖದ ಮೇಲೆಯೇ ಉಳಿಯುವುದರಿಂದ ಮತ್ತೆ ಮತ್ತೆ ಜಾಲಿಸುತ್ತಿರಬೇಕು. ಹೊಸ ಮಿಟ್ಟನ್ನು ಮೊದಲು ಗಾಜಿನ ಮೇಲೆ ಆಡಿಸಿ ಪಳಗಿಸಿಕೊಳ್ಳಬೇಕು. ದಿನಕ್ಕೆ ಹಲವು ಕಾರು ಮಾಡುವ ಅಂಗಡಿಗೆ ಮಿಟ್ ಲಾಭ. ವರ್ಷಕ್ಕೊಮ್ಮೆ ಸ್ವಂತ ಕಾರಿಗೆ ಮಾಡುವವರಿಗೆ, ಅದೂ ಕಪ್ಪು ಅಥವಾ ಕಡುನೀಲಿ ಕಾರಾದರೆ, ಹಳೆಯ ಮುದ್ದೆಯೇ ಸುರಕ್ಷಿತ. ಬೆರಳಿಗೆ ಸಿಗುವ ಸೂಚನೆ ಅದರಲ್ಲಿ ಹೆಚ್ಚು.

ಬಳಸಿ ಉಳಿದ ಕ್ಲೇಗೆ ಒಂದೆರಡು ಸಲ ಜಾರುದ್ರವ ಸಿಂಪಡಿಸಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಕಾಗದ, ಬಟ್ಟೆಯಲ್ಲಿ ಸುತ್ತಿದರೆ ನಾರು ಅಂಟಿಕೊಳ್ಳುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟರೆ ಕರಗಿ ಅಂಟಾಗುತ್ತದೆ. ಮಡಿಸಿದಷ್ಟೂ ಕೊಳೆಯ ಮುಖವೇ ಹೊರಬರತೊಡಗಿದಾಗ ಬಣ್ಣದ ಕೆಲಸಕ್ಕೆ ಅದನ್ನು ಸಾಕು ಮಾಡಿ, ವೀಲಿಗೆ ಇಟ್ಟುಕೊಳ್ಳಬಹುದು. ಆಮೇಲೆ ಬಿಸಾಡುವಾಗ ಹೂಕುಂಡಕ್ಕೋ ಹಿತ್ತಲಿಗೋ ಹಾಕದೆ ಒಣಕಸಕ್ಕೆ ಸೇರಿಸಬೇಕು. ಪಾಲಿಮರ್ ಮುದ್ದೆ ಮಣ್ಣಿನಲ್ಲಿ ಕೊಳೆಯುವುದಿಲ್ಲ.